ಏರಿಯ ಮೇಲಿನ ಮುಳ್ಳು ತೆಗೆದವಳು

ಎರಡು ವರ್ಷಗಳ ಹಿಂದಿನ ಮಾತು. ಮಳೆಗಾಲ ಆಗಷ್ಟೇ ಹಿಂದೆ ಸರಿದು ಹೊಲಗಳಲ್ಲಿ ರಾಗಿ ತೆನೆ ಬಲಿಯುತ್ತಿತ್ತು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದು ಒಂದು ವರ್ಷವಾಗಿತ್ತು. ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಗಿರುವ ನಮ್ಮೂರಿನ ಕೆರೆಗೆ ಅದೇ ವರ್ಷ ಹೊಸ ದಾರಿಯೊಂದು ಬಂದಿತ್ತು. ಏರಿಯ ಉದ್ದಕ್ಕೂ ಕೆಂಪು, ಬೂದು ಬಣ್ಣದ ಸಿಮೆಂಟ್ ಬಿಲ್ಲೆಗಳನ್ನು ಹಾಸಿ, ಕೋಡಿಯ ಕಿರುಸೇತುವೆ ದಾಟಿಸಿ, ಹಳ್ಳದ ದಂಡೆ ಹಿಡಿದು ಇನ್ನೂ ಅಷ್ಟು ದೂರ ಒಯ್ದಿದ್ದರು. ವಾಹನಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೆ ಮತ್ತು ಸೈಕಲ್ ತುಳಿಯುವವರಿಗೆ ಮಾತ್ರ. ಆ ದಾರಿಗಾಗಿ ಅರ್ಜಿ ಹಿಡಿದು ಓಡಾಡಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಅದರ ಮೇಲೆ ಯಾರಾದರೂ ಹುರುಳಿ ಹರವಿದರೆ, ಎಮ್ಮೆ ಕಟ್ಟಿದರೆ ನೇರವಾಗಿ ಜಗಳಕ್ಕೆ ಹೋಗುತ್ತಿದ್ದೆ.

ಆ ಶನಿವಾರ ಸಂಜೆ ಅರಸೀಕೆರೆಯಿಂದ ನನ್ನಕ್ಕ ಶೋಭಾ, ತನ್ನ ಐದು ವರ್ಷದ ಮಗಳು ಅನ್ವಿಯನ್ನು ಕರೆದುಕೊಂಡು ಬಂದಿದ್ದಳು. ಅಕ್ಕ ಹೈಸ್ಕೂಲಿಗೆ ಸೈಕಲ್‌ನಲ್ಲೇ ಹೋಗಿಬರುತ್ತಿದ್ದವಳು. ಮದುವೆಯಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ನಾನೇ ಹಟ ಹಿಡಿದೆ. ಮನೆಯಲ್ಲಿದ್ದ ಹಳೆಯ ಸೈಕಲ್‌ನ ಕ್ಯಾರಿಯರ್‌ಗೆ ದಿಂಬು ಕಟ್ಟಿಕೊಟ್ಟೆ. ಬೆಳಿಗ್ಗೆ ನಾನು ಮೊದಲು ಹೋಗಿ ದಾರಿ ನೋಡಿಕೊಂಡು ಆ ತುದಿಯಲ್ಲಿ ಕಾಯುವುದು, ಅವಳು ಮಗುವನ್ನು ಕೂರಿಸಿಕೊಂಡು ನಿಧಾನವಾಗಿ ಹಿಂದಿನಿಂದ ಬರುವುದು ಎಂದು ಮಾತಾಯಿತು. ಅಕ್ಕ ಹಿಂದೆಮುಂದೆ ನೋಡಿದಾಗ, ಲಾರಿ ಇಲ್ಲ, ಬಸ್ ಇಲ್ಲ, ಇನ್ಯಾವ ಭಯ ಎಂದು ನಕ್ಕವಳು ನಾನು.

ಬೆಳಿಗ್ಗೆ ಏರಿಯ ನಡುಭಾಗಕ್ಕೆ ಬಂದಾಗ ಅಲ್ಲಿ ಒಣ ಜಾಲಿಮುಳ್ಳಿನ ಎರಡು ದೊಡ್ಡ ಕೊಂಬೆಗಳು ದಾರಿಗೆ ಅಡ್ಡ ಬಿದ್ದಿದ್ದವು. ಅವು ಜರುಗದಂತೆ ಮೇಲೆ ಕಲ್ಲು ಹೇರಿದ್ದರು. ಕುರಿ ತಡೆಯಲೋ, ಕಣ ಮಾಡಿಕೊಳ್ಳಲೋ ಯಾರೋ ಸಾರ್ವಜನಿಕ ಜಾಗವನ್ನು ಆಕ್ರಮಿಸಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಒಂದು ಫೋಟೋ ತೆಗೆದು, ‘ಎಲ್ಲರ ದಾರಿಗೆ ಮುಳ್ಳು ಹಾಕುವವರಿಗೆ ನಾಚಿಕೆಯಾಗಬೇಕು’ ಎಂದು ಬರೆದು ಊರಿನ ವಾಟ್ಸ್ಯಾಪ್ ಗುಂಪಿಗೆ ಕಳಿಸಿದೆ. ಕಲ್ಲುಗಳನ್ನು ಕೆರೆಗೆ ಎಸೆದೆ. ಕೊಂಬೆಗಳನ್ನು ಏರಿಯ ಕೆಳಗೆ ನೂಕಿದೆ. ಬಿದ್ದಿದ್ದ ಮುಳ್ಳಿನ ಚೂರುಗಳು ಸೈಕಲ್ ಟೈರಿಗೆ ಚುಚ್ಚಬಾರದೆಂದು ಸೊಪ್ಪಿನ ಕಡ್ಡಿಯಿಂದ ಗುಡಿಸಿ ಹಾಕಿದೆ. ಆಮೇಲೆ, ಕಣ್ಣಿಗೆ ಬೀಳದ ಚೂರು ಉಳಿದಿದ್ದೀತೆಂದು ನನ್ನ ಸೈಕಲ್ ತಳ್ಳಿಕೊಂಡು ಅಂಚಿನಲ್ಲೇ ದಾಟಿ ಮುಂದೆ ಹೊರಟೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ ನನಗಿತ್ತು.

ದಾರಿ ಮುಗಿಯುವಲ್ಲಿ ಹೊಂಗೆ ಮರದ ಕೆಳಗೊಂದು ಕಲ್ಲುಬೆಂಚಿದೆ. ನಾನು ಅಲ್ಲಿ ಕೂತಿದ್ದಾಗ ಗದ್ದೆಯ ಬದುವಿನ ಮೇಲೆ ಕೆಂಪಮ್ಮ ಬೀಸುಗಾಲಲ್ಲಿ ಬಂದರು. ಏರಿಯ ಬುಡದಲ್ಲೇ ಮನೆ ಅವರದು. ಎರಡು ಎಮ್ಮೆ ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಕೈಯಲ್ಲಿ ಕುಡುಗೋಲು, ಹೆಗಲ ಮೇಲೆ ಹುಲ್ಲಿನ ಹೊರೆ ಕಟ್ಟುವ ಹಗ್ಗ.

“ಮುಳ್ಳು ತೆಗ್ದೋಳು ನೀನೇ ಏನವ್ವ?”

ಹೌದೆಂದು, ದಾರಿ ಎಲ್ಲರದು ಎಂಬ ಪಾಠವನ್ನು ಶುರುಮಾಡಿದೆ. ಅವರು ಅದನ್ನು ಮುಗಿಸಲು ಬಿಡಲಿಲ್ಲ.

“ನಾಚ್ಕೆ ಆಗ್ಬೇಕು ಅಂತ ಬರ್ದಿದ್ದೀಯಂತೆ, ನಮ್ ಸೊಸೆ ಓದಿ ಹೇಳುದ್ಲು. ಆಯ್ತು, ನಾಚ್ಕಂತೀನಿ ಬಿಡು. ಅಲ್ಲಿ ಮ್ಯಾಲೆ ಬಿಲ್ಲೆ ಐತೆ ಕಣವ್ವ, ಅಡೀಲಿ ಏನೂ ಇಲ್ಲ. ಮಳೆ ನೀರು ಒಳಗೊಳಗೇ ಮಣ್ಣು ಕೊಚ್ಕಂಡು ಹೋಗಿ ಗವಿ ಆಗೈತೆ. ಹುಲ್ಲು ಕುಯ್ಯಕ್ಕೆ ಹೋಗಿ ಕೆಳಗಿಂದ ಕಂಡೆ. ಯಾರಾನ ಬಿದ್ದಾರು ಅಂತ ಹಾಕಿದ್ದೆ.”

ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವರು ಅಮ್ಮ. ಅಕ್ಕ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಾಳೆ, ಹೊರಟು ಐದು ನಿಮಿಷವಾಯಿತು ಎಂದರು. ಮುಂದಿನದನ್ನು ಕೇಳಿಸಿಕೊಳ್ಳದೆ ಸೈಕಲ್ ಹತ್ತಿದೆ.

ಹಳ್ಳದ ದಂಡೆಯ ಆ ದಾರಿ ನನಗೆ ಎಂದೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಕೋಡಿ ದಾಟಿ ಏರಿಗೆ ಬಂದಾಗ, ದೂರದ ಆ ಕಡೆಯಿಂದ ಅಕ್ಕನ ಹಸಿರು ಚೂಡಿದಾರ್ ಕಾಣಿಸಿತು. ಅವಳ ಬೆನ್ನ ಹಿಂದಿನಿಂದ ಅನ್ವಿಯ ಎರಡು ಕಾಲುಗಳು. ಒಂದು ಕೈ ಬಿಟ್ಟು, ನಿಲ್ಲು ಎಂದು ಬೀಸಿದೆ. ಅಕ್ಕ ತಾನೂ ಕೈ ಬೀಸಿದಳು. ಕೂಗಿದೆ. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು. ಅವಳಿಗೆ ಹುಮ್ಮಸ್ಸು ಬಂದು ಇನ್ನೂ ಜೋರಾಗಿ ತುಳಿಯತೊಡಗಿದಳು.

ಆಗ ನನಗೊಂದು ಸತ್ಯ ಹೊಳೆಯಿತು. ಆ ಜಾಗ ಯಾವುದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಮುಂದೆ ಬಿದ್ದಿದ್ದುದು ಒಂದೇ ಸಮನಾದ ಕೆಂಪು, ಬೂದು ಬಿಲ್ಲೆ. ಇದ್ದ ಒಂದೇ ಗುರುತನ್ನು ಕಡ್ಡಿ ಹಿಡಿದು ಗುಡಿಸಿದವಳು ನಾನು.

ಸೈಕಲನ್ನು ಎಸೆದು ಓಡಿದೆ. ಅದು ಉರುಳಿದ್ದನ್ನು ಕಂಡು ನಾನೇ ಬಿದ್ದೆನೆಂದು ತಿಳಿದು ಅಕ್ಕ ನೆರವಿಗೆಂದು ಇನ್ನೂ ವೇಗವಾಗಿ ತುಳಿದಳು. ನಮ್ಮಿಬ್ಬರ ನಡುವೆ ಹತ್ತು ಮಾರೂ ಉಳಿದಿರಲಿಲ್ಲ. “ಅಕ್ಕಾ, ಇಳಿ” ಎಂದದ್ದು ನೆನಪಿದೆ. ಮುಂದಿನ ಹೆಜ್ಜೆಗೆ ಬಿಲ್ಲೆಗಳು ಅದುರಿದವು. ನನ್ನ ಬಲಗಾಲು ತೊಡೆಯ ತನಕ ಒಳಗೆ ಹೋಯಿತು. ಎದೆ ದಾರಿಗೆ ಬಡಿಯಿತು. ಕೆಳಗೆಲ್ಲೋ ಸಿಮೆಂಟ್ ತುಂಡುಗಳು ಒಂದರ ಹಿಂದೆ ಒಂದು ನೀರಿಗೆ ಬೀಳುತ್ತಿದ್ದುದು ಕೇಳಿಸಿತು. ಅಕ್ಕ ಬ್ರೇಕ್ ಹಿಡಿದು ನಾಲ್ಕು ಮಾರು ಆಚೆಗೆ ನಿಂತಳು. ಚಿಕ್ಕಮ್ಮ ಆಟವಾಡುತ್ತಿದ್ದಾಳೆಂದು ಅನ್ವಿ ಕೈ ತಟ್ಟಿ ನಕ್ಕಳು. ಅಕ್ಕ ಮಗುವನ್ನು ಕೆಳಗಿಳಿಸಿ, ಅದರ ರಟ್ಟೆಯನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು.

ಅಲುಗಾಡಿದರೆ ಉಳಿದ ಬಿಲ್ಲೆಗಳೂ ಕುಸಿಯುತ್ತವೆಂದು ನಾನು ಉಸಿರು ಬಿಗಿಹಿಡಿದು ಬಿದ್ದುಕೊಂಡೆ. ಎಷ್ಟು ಹೊತ್ತೋ ತಿಳಿಯದು, ಹಿಂದಿನಿಂದ ಕೆಂಪಮ್ಮನ ಏದುಸಿರು ಕೇಳಿಸಿತು. ಅವರು ದೂರದಲ್ಲೇ ಕೂತು ದಾರಿ ಬದಿಯ ದೀಪದ ಕಂಬಕ್ಕೆ ಹಗ್ಗ ಸುತ್ತಿ ತುದಿಯನ್ನು ನನ್ನತ್ತ ಎಸೆದರು. “ಎದ್ದು ನಿಲ್ಬೇಡ ಮಗ, ತೆವಳ್ಕಂಡು ಬಾ. ಮರ್ಯಾದೆ ಆಮ್ಯಾಕೆ ನೋಡ್ಕಳಾನ” ಎಂದರು. ತೆವಳಿಕೊಂಡೇ ಬಂದೆ.

ಕೆಳಗಿನ ದಾರಿಯಿಂದ ಬಳಸಿ ಬಂದ ಅಕ್ಕ ನನ್ನ ಕಾಲಿನ ಗಾಯವನ್ನು ತನ್ನ ದುಪಟ್ಟಾದಿಂದ ಕಟ್ಟಿದಳು. ಬಯ್ಯಲಿಲ್ಲ. “ದಾರಿ ನೋಡ್ಕೊಂಡು ಬರ್ತೀನಿ ಅಂತ ತಾನೇ ನೀನು ಮುಂಚೆ ಹೋಗಿದ್ದು?” ಎಂದಳು, ಅಷ್ಟೇ.

ಮರುದಿನ ಕುಂಟಿಕೊಂಡೇ ಆ ದಾರಿ ಮಾಡಿಸಿದ ಕಚೇರಿಗೆ ಹೋದೆ. ಕೆಂಪಮ್ಮ ಹತ್ತು ದಿನ ಮೊದಲೇ ಬಂದು ಹೇಳಿ ಹೋಗಿದ್ದರೆಂದು ಅಲ್ಲಿ ತಿಳಿಯಿತು. ಅವರು ಬರೆದುಕೊಟ್ಟಿರಲಿಲ್ಲ, ಹೇಳಿದ್ದರು. ಆದ್ದರಿಂದ ಅದು ‘ದೂರು’ ಎನಿಸಿರಲಿಲ್ಲ. ಕಾಮಗಾರಿ ಮುಗಿದಿದೆ, ನಿರ್ವಹಣೆ ನಮ್ಮದಲ್ಲ ಎಂದರು. ನಿರ್ವಹಣೆ ಯಾರದ್ದೆಂದು ಹೇಳಿದರೋ ಆ ಕಚೇರಿಯವರು, ದಾರಿಯನ್ನು ನಾವಿನ್ನೂ ವಹಿಸಿಕೊಂಡಿಲ್ಲ ಎಂದರು. ಮಣ್ಣು ಗಟ್ಟಿ ಮಾಡದೆ ಬಿಲ್ಲೆ ಹಾಸಲು ಒಪ್ಪಿದವರು ಯಾರು ಎಂಬ ಪ್ರಶ್ನೆಗೆ ಎರಡೂ ಕಡೆ ಕುಡಿಯಲು ನೀರು ಕೊಟ್ಟರು.

ದೂರು ಬರೆಯುವಾಗ ಮೊದಲ ವಾಕ್ಯದಲ್ಲೇ ಮುಳ್ಳು ತೆಗೆದವಳು ನಾನು ಎಂದು ಬರೆದೆ. ಅದೊಂದು ಸಾಲು ಬಿಡು, ಅವರು ನಿನ್ನ ಮೇಲೇ ಹಾಕುತ್ತಾರೆ ಎಂದು ಭಾವ ಎಚ್ಚರಿಸಿದ್ದರು. ಅವರ ಮಾತೇ ನಿಜವಾಯಿತು. ತಿಂಗಳಾದ ಮೇಲೆ ಬಂದ ಪತ್ರದಲ್ಲಿ, ಆ ಅಡೆತಡೆಯನ್ನು ಯಾರ ಅನುಮತಿ ಪಡೆದು ತೆರವುಗೊಳಿಸಿದಿರಿ ಎಂದು ಕೇಳಿದ್ದರು. ಯಾರ ಅನುಮತಿಯನ್ನೂ ಪಡೆಯಲಿಲ್ಲ, ಏರಿಯ ಬುಡದಲ್ಲಿ ಬಾಳುವವರನ್ನು ಒಂದು ಮಾತೂ ಕೇಳಲಿಲ್ಲ, ಅದು ನನ್ನ ತಪ್ಪು ಎಂದು ಉತ್ತರಿಸಿದೆ. ನಿಮ್ಮ ತಪ್ಪು ಯಾರದ್ದು, ಅವರ ಹೆಸರೇನು ಎಂದೂ ಕೇಳಿದೆ. ಗುಂಡಿಗೆ ಎರಡು ಟ್ರ್ಯಾಕ್ಟರ್ ಮಣ್ಣು ಬಿತ್ತು. ಹೆಸರು ಇನ್ನೂ ಬಂದಿಲ್ಲ. ನಾನು ಕೇಳುವುದನ್ನು ಬಿಟ್ಟಿಲ್ಲ. ಗುಂಪಿನಲ್ಲಿ ಕೆಂಪಮ್ಮನ ಕ್ಷಮೆ ಕೇಳಿ ಬರೆದೆ. ಅವರ ಮನೆಗೂ ಹೋದೆ. ಕಾಫಿ ಕೊಟ್ಟು, ಕಾಲು ಹೇಗಿದೆ ಎಂದು ಕೇಳಿದರು.

ಅಕ್ಕ ಈಗಲೂ ಬರುತ್ತಾಳೆ. ಏಳು ತುಂಬಿದ ಅನ್ವಿ ಸೈಕಲ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಕಳೆದ ಸಲ ಅಕ್ಕ ಅಂಗಳದಲ್ಲಿ ಸೀಟಿನ ಹಿಂಭಾಗ ಹಿಡಿದು ಅವಳನ್ನು ಸುತ್ತು ಹೊಡೆಸುತ್ತಿದ್ದಳು, ಎರಡೇ ಸುತ್ತಿಗೆ ಅಕ್ಕನಿಗೆ ಏದುಸಿರು ಬಂದಿತ್ತು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ನಾನು ಹಿಡಿದುಕೊಳ್ಳಲೇ ಎಂದು ಕೇಳಲು ಬಾಯಿ ಬರಲಿಲ್ಲ. ಅಕ್ಕನೂ ನನ್ನನ್ನು ಕರೆಯಲಿಲ್ಲ.