ವಿಭೂತಿ ಹಚ್ಚಿದ ಕೈ

ಬಸವಲಿಂಗ ಪುಣೆಯ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಮೆಕ್ಯಾನಿಕ್. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆಯೆಂದು ಹೇಳುವ ಯಂತ್ರವನ್ನು ಪ್ರೊಫೆಸರ್ ಲೀಲಾಕ್ಷಿ ಮೇಡಮ್ ಕಾಗದದ ಮೇಲೆ ಬರೆದುಕೊಟ್ಟರೆ, ಕೈಯಾರೆ ಮಾಡಿದವನು ಅವನು. ೨೦೦೨ರಲ್ಲಿ ಅದನ್ನು ಮಾರಲೆಂದು ವಿಶ್ವವಿದ್ಯಾಲಯದಿಂದಲೇ ಕಂಪನಿಯೊಂದು ಹುಟ್ಟಿತು. ಮುಖ್ಯಸ್ಥನ ಕುರ್ಚಿ ತನ್ನದೇ ಎಂದು ಹೆಂಡತಿ ಶಿವಕಾಂತಾಳ ಮುಂದೆ ಹೇಳಿಯೂ ಬಿಟ್ಟಿದ್ದ, ಪುಣ್ಯಾತ್ಮ.

ಮೇಡಮ್ ಅಲ್ಲಿ ಕೂರಿಸಿದ್ದು ಮಾರ್ತಾಂಡನನ್ನು. ಶಿರೂರಿನಲ್ಲಿ ಪಂಪ್‌ಸೆಟ್ ಮಾರಿಕೊಂಡಿದ್ದವನು, ವಯಸ್ಸಿನಲ್ಲೂ ಹತ್ತು ವರ್ಷ ಚಿಕ್ಕವನು. ಮಾಡುವವರ ಜೊತೆ ಕೊಳ್ಳುವವರ ಮನಸ್ಸು ತಿಳಿದವರೂ ಬೇಕು, ಇಲ್ಲದಿದ್ದರೆ ಕಂಪನಿ ನಡೆಯದು ಎಂದು ಮೇಡಮ್ ಸಮಾಧಾನ ಹೇಳಿದರು. ಬಸವಲಿಂಗನ ಹೊಟ್ಟೆ ಉರಿಯಿತು. ಮಾರ್ತಾಂಡ ನಕ್ಕರೂ ಉರಿ, ಚಹಾ ಕುಡಿದರೂ ಉರಿ. ಅವನು ಬಾಯ್ತುಂಬ 'ಅಣ್ಣಾರ' ಎಂದರೆ ಇವನು ಒಂದು 'ರೀ' ಸಹ ಸೇರಿಸದೆ ಮಾತಾಡುತ್ತಿದ್ದ.

ದೌಂಡದ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೊದಲ ಪರೀಕ್ಷೆ. ಅದು ಕೆಟ್ಟರೆ ಕಂಪನಿಗೆ ಬೀಗ. ಯಂತ್ರ ಒಂದೇ ಕಬ್ಬಿನ ಹಾಲಿಗೆ ಮೂರು ಸಲ ಮೂರು ಅಂಕಿ ತೋರಿಸಿತು. ಮಾರ್ತಾಂಡನ ಮುಖ ಕಪ್ಪಿಟ್ಟಿತು. ಹೊರಗೆ ಕಟ್ಟೆಯ ಮೇಲೆ ಕೂತ ಬಸವಲಿಂಗನಿಗೆ ಹಾಲು ಕುಡಿದಷ್ಟು ಸಂತೋಷ.

ಮಾರ್ತಾಂಡ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ: "ಅಣ್ಣಾರ, ದಿನಾ ಮುಂಜಾನೆ ಹಣಿಗೆ ವಿಭೂತಿ ಹಚ್ಚಿದ ಕೈಲೇನ ನೀವು ಯಂತ್ರದಾಗ ಹಾಲು ಬೀಳೋ ಆ ಗಾಜು ತಿಕ್ಕತೀರಿ. ಇವತ್ತ ತಿಕ್ಕಲಿಲ್ಲ."

ಗಾಜಿಗೆ ಅಂಟಿದ ಸಕ್ಕರೆಯ ಜಿಡ್ಡು ಆ ನುಣುಪು ಬೂದಿಗೆ ಬಿಡುತ್ತಿತ್ತು. ಬಸವಲಿಂಗ ಅದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಬೇಕೆಂದೇ ಬಿಟ್ಟಿದ್ದ. ಎದ್ದು ಒಳಗೆ ಹೋಗಿ, ಚೀಲದಲ್ಲಿದ್ದ ವಿಭೂತಿ ಗಟ್ಟಿಗೆ ಬೆರಳು ಉಜ್ಜಿ, ಗಾಜು ತಿಕ್ಕಿದ. ಅಂಕಿ ನಿಂತಿತು. ಕಾರ್ಖಾನೆಯವರು ಯಂತ್ರ ಇಟ್ಟುಕೊಂಡರು. ಮಾರ್ತಾಂಡ ಈ ವಿಷಯ ಮೇಡಮ್‌ಗೂ ಹೇಳಲಿಲ್ಲ.

ತಿಂಗಳ ನಂತರ ಯಂತ್ರದ ಜೊತೆ ಕೊಡುವ ಮರಾಠಿ ಪುಸ್ತಿಕೆ ಅಚ್ಚಾಗಿ ಬಂತು. ಗಾಜನ್ನು ಒಣ ಬೂದಿಯಿಂದ ಒರೆಸುವ ಕ್ರಮಕ್ಕೆ ಮಾರ್ತಾಂಡ 'ಬಸವಲಿಂಗ ಪದ್ಧತಿ' ಎಂದು ಹೆಸರಿಟ್ಟಿದ್ದ. ಶಿವಕಾಂತಾ ಅದನ್ನು ಓಣಿಗೆಲ್ಲ ತೋರಿಸಿ ಬಂದಳು. ಬಸವಲಿಂಗನಿಗೆ ಮಾತ್ರ ಊಟ ಸೇರಲಿಲ್ಲ. ಆ ಕುರ್ಚಿಯಲ್ಲಿ ತಾನಿದ್ದಿದ್ದರೆ ಇನ್ನೊಬ್ಬನ ಹೆಸರು ಹಾಕಿಸುತ್ತಿರಲಿಲ್ಲ ಎಂಬುದು ಅವನಿಗೇ ಗೊತ್ತಾಗಿತ್ತು. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.

ಮರುದಿನ ಮಾರ್ತಾಂಡ ಕರೆದಾಗ "ಬಂದೆ ರೀ" ಎಂದ. ಆ 'ರೀ' ಗಂಟಲು ದಾಟುವಾಗ ಕಬ್ಬಿನ ಸಿಬಿರಿನ ಹಾಗೆ ಚುಚ್ಚಿತು.