ಚಿಗವ್ವನ ದುರ್ಬೀನ್ ಆಪರೇಷನ್

ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದ ದಿನಗಳವು. ನಮ್ಮ ಡಾಕ್ಟರಿಗೆ ಆಗಲೇ ಐವತ್ತು ದಾಟಿತ್ತು. ಗಾಯ ದೊಡ್ಡದಿದ್ದಷ್ಟೂ ಒಳಗಿನದು ಚೆನ್ನಾಗಿ ಕಾಣುತ್ತದೆ ಎಂದು ಕಲಿತು ಬಂದ ಕಾಲದವರು. ಅಂಥವರು ಒಂದು ಬೇಸಿಗೆಯಲ್ಲಿ ಹದಿನೈದು ದಿನ ಊರು ಬಿಟ್ಟು ಹೋಗಿ, ಹೊಟ್ಟೆ ಕೊಯ್ಯದೆ ನಾಲ್ಕು ಸಣ್ಣ ತೂತುಗಳಿಂದಲೇ ಪಿತ್ತಕೋಶ ತೆಗೆಯುವುದನ್ನು ನೋಡಿ ಬಂದರು.

ಹೊಟ್ಟೆಯೊಳಗೆ ಇಳಿಸಿ ನೋಡುವ ಆ ಕೊಳವೆ, ಜನರ ಬಾಯಲ್ಲಿ ದುರ್ಬೀನು, ನಮಗೆ ಪೂರ್ತಿ ಹೊಸದೇನಲ್ಲ. ಹೆಣ್ಣುಮಕ್ಕಳ ಸಂತಾನಹರಣ ಕ್ಯಾಂಪುಗಳಲ್ಲಿ ಡಾಕ್ಟರು ಅದನ್ನು ಹೊಕ್ಕುಳ ಬಳಿ ಇಳಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಗ್ಗಿ ನೋಡುತ್ತಿದ್ದರು. ಅವರಿಗೆ ಕಂಡದ್ದು ಅವರಿಗೆ ಮಾತ್ರ. ಪಕ್ಕದಲ್ಲಿ ನಿಂತ ನಮಗೆ ಅವರ ಬೆನ್ನು ಕಾಣುತ್ತಿತ್ತು, ಅಷ್ಟೆ. ಈಗ ಕಣ್ಣಿಡುವ ತುದಿಗೆ ಕ್ಯಾಮೆರಾ ಬಂದಿತ್ತು. ಒಳಗಿನದೆಲ್ಲ ಟಿವಿಯಲ್ಲಿ ಬರುವುದರಿಂದ, ಇನ್ನೊಬ್ಬರು ಕ್ಯಾಮೆರಾ ಹಿಡಿದರೆ ಡಾಕ್ಟರ ಎರಡೂ ಕೈ ಕೆಲಸಕ್ಕೆ ಸಿಗುತ್ತಿದ್ದವು. ಹಿಡಿಯುವ ಕೆಲಸ ನನಗೆ ಬಂತು.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ನಮ್ಮ ಅಭ್ಯಾಸ. ರಟ್ಟಿನ ಡಬ್ಬಿಗೆ ತೂತು ಕೊರೆದು, ಒಳಗೆ ದ್ರಾಕ್ಷಿ ಇಟ್ಟು, ಉದ್ದನೆಯ ಇಕ್ಕಳಗಳಿಂದ ಅದರ ಸಿಪ್ಪೆ ಸುಲಿಯಬೇಕು. ಕೈ ಎಡಕ್ಕೆ ಹೋದರೆ ಇಕ್ಕಳದ ತುದಿ ಬಲಕ್ಕೆ ಹೋಗುತ್ತಿತ್ತು. ನಾನು ಜೋರಾಗಿ ಉಸಿರಾಡಿದರೂ ಟಿವಿಯ ಚಿತ್ರ ಅಲುಗುತ್ತಿತ್ತು. ಮೊದಲ ವಾರದ ದ್ರಾಕ್ಷಿಯೆಲ್ಲ ಒಡೆದು ರಸವಾಯಿತು.

"ಸಿಸ್ಟರ್, ಇಷ್ಟು ವರ್ಷ ದುಡಿದ ಕೈ ಮತ್ತ ಒಂದನೇ ಕ್ಲಾಸಿಗೆ ಸೇರೈತಿ ನೋಡ್ರಿ," ಎಂದು ಅವರು ನಗುತ್ತಿದ್ದರು.

ಅದೇ ಹೊತ್ತಿಗೆ ಬುಕ್ಕಸಾಗರದ ನನ್ನ ಚಿಗವ್ವನ ಪಿತ್ತಕೋಶದಲ್ಲಿ ಹರಳು ಇರುವುದು ಗೊತ್ತಾಯಿತು. ಚಿಗವ್ವ ನನ್ನ ತಾಯಿಯ ತಂಗಿ. ಹೆಣ್ಣುಮಗಳು ನರ್ಸ್ ಆಗುವುದು ಬೇಡವೆಂದು ಅಪ್ಪ ಹಟ ಹಿಡಿದಾಗ, ಕಂಪ್ಲಿಯ ನಮ್ಮ ಮನೆಗೆ ಬಂದು ಎರಡು ದಿನ ಊಟ ಬಿಟ್ಟು ಕೂತು ಒಪ್ಪಿಸಿದವಳು ಅವಳೇ. ಮಕ್ಕಳಿಲ್ಲದ ಅವಳು ನನ್ನನ್ನೇ ಮಗಳು ಅನ್ನುತ್ತಿದ್ದಳು.

ನೋವು ಬಂದಾಗ ಗದ್ದೆಯ ಬದುವಿನ ಮೇಲೆಯೇ ಮುದುಡಿ ಕೂರುತ್ತಿದ್ದಳಂತೆ. ಆದರೂ ಆಪರೇಷನ್ ಎಂದರೆ ಭಯ. ಓಣಿಯ ಒಬ್ಬಾಕೆ ಹೊಟ್ಟೆ ಕೊಯ್ಸಿಕೊಂಡು ತಿಂಗಳುಗಟ್ಟಲೆ ಕೊಡ ಎತ್ತಲಾಗದೆ ಕೂತದ್ದನ್ನು ನೋಡಿದ್ದಳು.

"ಇದು ಹಂಗಲ್ಲ ಚಿಗವ್ವ. ನಾಕು ಸಣ್ಣ ತೂತು, ಅಷ್ಟ. ನಾಟಿ ಹೊತ್ತಿಗೆ ನೀ ಗದ್ದ್ಯಾಗ ಇರ್ತಿ," ಎಂದು ನಾನೇ ಒಪ್ಪಿಸಿದೆ.

ಡಾಕ್ಟರು ಮಾತ್ರ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಯವ್ವಾ, ನಾ ಇದನ್ನ ನನ್ನ ಕೈಯಾರೆ ಮಾಡೋದು ಇದ ಮೊದಲು. ಆಗಲಿಲ್ಲ ಅಂದ್ರ ಹಳೇ ಪದ್ಧತಿಯಂಗ ಕೊಯ್ಯಬೇಕಾಗ್ತೈತಿ."

"ನನ್ನ ಮಗಳು ಬಾಜೂಕ ಇರ್ತಾಳಲ್ಲರಿ. ಮಾಡ್ರಿ," ಎಂದಳು.

ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ ಕ್ಯಾಮೆರಾ ಇಳಿಸಿದಾಗ ಟಿವಿಯಲ್ಲಿ ಚಿಗವ್ವನ ಯಕೃತ್ತು ಮಿರಮಿರನೆ ಕಂಡಿತು. ಪಿತ್ತಕೋಶ ಕಾಣಲಿಲ್ಲ. ಮತ್ತೆ ಮತ್ತೆ ಬಾತು ಅದು ಕೊಬ್ಬಿಗೂ ಕರುಳಿಗೂ ಅಂಟಿಕೊಂಡಿತ್ತು. ಡಾಕ್ಟರು ಒಂದು ಗಂಟೆ ಹೊತ್ತು ಮೆಲ್ಲಗೆ ಬಿಡಿಸಲು ನೋಡಿದರು. ಆಮೇಲೆ ಇಕ್ಕಳ ಹೊರಗೆ ತೆಗೆದರು.

"ಸಾಕು ಸಿಸ್ಟರ್. ಕೊಯ್ಯೋಣ."

"ಇನ್ನೊಂಚೂರು ನೋಡ್ರಿ ಸರ್," ಎಂದೆ. ನನ್ನ ದನಿ ನನಗೇ ಅಳುವಿನಂತೆ ಕೇಳಿತು.

"ನೋಡಬೌದು. ಆದ್ರ ನಮ್ಮ ಹಟಕ್ಕ ಆಕಿ ಹೊಟ್ಟಿ ಯಾಕ?"

ನಾನು ಕ್ಯಾಮೆರಾ ಇಟ್ಟು, ಚಾಕು ಅವರ ಕೈಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಚಿಗವ್ವ ಕೈಯಿಂದ ತಡವಿ ನೋಡಿಕೊಂಡಳು. ಪಕ್ಕೆಲುಬಿನ ಕೆಳಗೆ ಗೇಣುದ್ದದ ಪಟ್ಟಿ. ಡಾಕ್ಟರು ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತರು.

"ಯವ್ವಾ, ನಾ ಅಂದುಕೊಂಡಂಗ ಆಗಲಿಲ್ಲ. ನನ್ನ ಕೈಲೆ ಆಗಲಿಲ್ಲ."

"ಹರಳು ಹೋದ್ವಿಲ್ಲೋ?"

"ಎಲ್ಲಾ ಹೋದ್ವು."

"ಮತ್ಯಾಕ ಮಾರಿ ಸಣ್ಣದು ಮಾಡೀರಿ? ಹೊಸದಾಗಿ ನಾಟಿಗೆ ಬಂದಾಕಿ ಮೊದಲ ದಿನಾನ ಸಾಲು ಹಿಡೀತಾಳೇನು?"

ಡಾಕ್ಟರು ನಗಲು ಹೋದರು, ಆಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಎದ್ದು ಹೋದರು.

ಆ ನಾಟಿಗೆ ಚಿಗವ್ವ ಇಳಿಯಲಿಲ್ಲ. ರಜೆ ಹಾಕಿ ನಾನು ಬುಕ್ಕಸಾಗರಕ್ಕೆ ಹೋದೆ. ಅವಳ ತಲೆ ತೊಳೆದು, ಸಿಕ್ಕು ಬಿಡಿಸಿ, ಹೆರಳು ಹಾಕುತ್ತಿದ್ದೆ. ಒಂದು ದಿನ ಬಾಚಣಿಗೆ ಹಿಡಿದ ಹಾಗೆಯೇ, "ನಾ ಸುಳ್ಳು ಹೇಳಿ ಒಪ್ಪಿಸಿದಂಗಾತು ಚಿಗವ್ವ," ಎಂದೆ. ಅವಳು ತಿರುಗಲಿಲ್ಲ. "ಬಿಗಿಯಾಗಿ ಹಾಕಬ್ಯಾಡ, ತಲಿ ನೋಯ್ತೈತಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೊಣಕಾಲಿಗೆ ಒರಗಿ ಹಾಗೇ ನಿದ್ದೆ ಹೋದಳು.

ನಾಲ್ಕೈದು ತಿಂಗಳಾದ ಮೇಲೆ ಗಾದಿಗನೂರಿನಿಂದ ಹರಳಿದ್ದ ಇನ್ನೊಬ್ಬ ಹೆಣ್ಣುಮಗಳು ಬಂದಳು. ಡಾಕ್ಟರು ಅವಳಿಗೂ ಮುಚ್ಚಿಡಲಿಲ್ಲ. "ಮೊದಲನೇದು ಆಗಲಿಲ್ಲಮ್ಮ. ಇದು ಎರಡನೇದು," ಎಂದರು. ಅವಳ ಮುಖ ಬಿಳಿಚಿತು.

"ಆ ಮೊದಲನೇಕಿ ಈಗೆಲ್ಲಿ ಅದಾಳ್ರಿ?" ಎಂದು ನನ್ನನ್ನು ಕೇಳಿದಳು.

ನಾನು ಚಿಗವ್ವನಿಗೆ ಹೇಳಿ ಕಳಿಸಿದೆ. ಮಾರನೆಯ ದಿನದ ಬಸ್ಸಿಗೆ ಬಂದವಳು ಮಂಚದ ಮೇಲೆ ಅವಳ ಪಕ್ಕ ಕೂತು, ಸೆರಗು ಸರಿಸಿ ಗಾಯದ ಗುರುತು ತೋರಿಸಿದಳು.

"ನನಗ ಆಗಲಿಲ್ಲವಾ. ಆದ್ರ ಆಗಲಿಲ್ಲ ಅಂತ ಅವರ ಬಂದು ಹೇಳಿದ್ರು. ಅಂಥವ್ರ ಕೈಯಾಗ ಹೊಟ್ಟಿ ಕೊಡಬೌದು."

ಆ ಹೆಣ್ಣುಮಗಳ ಪಿತ್ತಕೋಶ ನಾವು ಹಾಕಿದ ತೂತಿನಿಂದಲೇ ಹೊರಬಂತು. ಡಾಕ್ಟರು ಮಾಸ್ಕಿನ ಒಳಗೆ ಏನೋ ಅಂದರು, ಕೇಳಿಸಲಿಲ್ಲ. ಮೂರನೆಯ ದಿನ ಅವಳು ತಾನೇ ನಡೆದು ಮೆಟ್ಟಿಲಿಳಿದಳು. ಅವಳನ್ನು ನೋಡಲೆಂದೇ ಮತ್ತೆ ಬಂದಿದ್ದ ಚಿಗವ್ವನೂ ನಾನೂ ಬಸ್ ನಿಲ್ದಾಣದವರೆಗೆ ಹೋಗಿ ಗಾದಿಗನೂರಿನ ಬಸ್ಸು ಹತ್ತಿಸಿದೆವು. ಕಿಟಕಿಯಿಂದ ಅವಳು ಕೈ ಬೀಸಿದಳು.

ಬಸ್ಸು ಹೋದ ಮೇಲೂ ಚಿಗವ್ವ ಅತ್ತಲೇ ನೋಡುತ್ತಿದ್ದಳು.

"ನಂದೂ ಹಿಂಗ ಆಗಿದ್ರ ಚಲೋ ಇತ್ತು ನೋಡು," ಎಂದಳು.

ಅಷ್ಟು ದಿನದಲ್ಲಿ ಅವಳು ಹಾಗೆ ಅಂದದ್ದು ಅದೇ ಮೊದಲು. ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಂಡೆ. ಬೇಡ ಅನ್ನದೆ ಕೊಟ್ಟಳು. ಇಬ್ಬರೂ ಬುಕ್ಕಸಾಗರದ ಮೇಲೆ ಹೋಗುವ ಕಂಪ್ಲಿ ಬಸ್ಸು ನಿಲ್ಲುವ ಕಡೆ ಮೆಲ್ಲಗೆ ನಡೆದೆವು.