ಎರಡು ಟೆಂಟು, ಮೂವರು

ರೆಹಾನಾ, ಆಯಿ ನಿನ್ನ ಜೊತೆ ಒಂದೇ ಟೆಂಟಿನಲ್ಲಿ ಮಲಗಲು ಒಲ್ಲೆ ಅಂದಿರಲಿಲ್ಲ. ಆ ಮಾತು ಹುಟ್ಟಿಸಿದವಳು ನಾನು. ನೀನು ಆಯಿ ಅಂತ ಕರೆಯುತ್ತಿದ್ದ ನಮ್ಮ ಅತ್ತೆಯ ಹೆಸರಿನಲ್ಲಿ ನಿನಗೊಂದು ಸುಳ್ಳು, ನಿನ್ನ ಹೆಸರಿನಲ್ಲಿ ಅವರಿಗೊಂದು ಸುಳ್ಳು ಹೇಳಿ, ಇಷ್ಟು ವರ್ಷ ಇಬ್ಬರ ನಡುವೆ ಒಳ್ಳೆಯವಳಾಗಿ ಓಡಾಡಿಕೊಂಡಿದ್ದೇನೆ.

ಆ ದಸರಾ ರಜೆ ನಿನಗೆ ನೆನಪಿರುತ್ತದೆ. ಒಂದೇ ಶಾಲೆಯಲ್ಲಿ ಪಾಠ ಹೇಳುವ ನಾವಿಬ್ಬರೂ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು, ಬಸ್ ಹತ್ತಿಸಿ ಇಳಿಸಿ, ತಲೆ ಎಣಿಸಿ ಸಾಕಾಗಿದ್ದೆವು. "ಒಮ್ಮೆರ ನಮ್ಮ ಸಲುವಾಗಿ ಹೋಗೂಣು" ಅಂದವಳು ನೀನು. ಗುಂಜಿಯ ಹತ್ತಿರ, ಕಾಡಿನ ಅಂಚಿನಲ್ಲಿ ಟೆಂಟು ಕೊಡುವ ಕ್ಯಾಂಪ್ ಹುಡುಕಿದವಳೂ ನೀನೇ. ಬೆಳಗಾವಿಯಿಂದ ರೈಲಿನಲ್ಲಿ ಗುಂಜಿ, ಒಂದು ರಾತ್ರಿ ಅಲ್ಲಿ, ಮರುದಿನ ಹಲಸಿಯ ಗುಡಿಗಳು, ಆಮೇಲೆ ಖಾನಾಪುರಕ್ಕೆ ಬಂದು ಬಸ್ಸು. ನೀನು ನಮ್ಮ ಅಡುಗೆಮನೆಯಲ್ಲಿ ಕೂತು ನನಗೆ ಫೋನಿನಲ್ಲಿ ದಾರಿ ತೋರಿಸುತ್ತಿದ್ದೆ. ಬಾಜುವಿನಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ "ನಾನೂ ಬರತೀನಿ" ಅಂದುಬಿಟ್ಟರು. ನಾನು ತಮಾಷೆ ಅಂದುಕೊಂಡೆ. ನೀನು ಹಾಗೆ ಅಂದುಕೊಳ್ಳಲಿಲ್ಲ.

ಅತ್ತೆಗೆ ಬೆಳಿಗ್ಗೆ ಸ್ನಾನವಾಗಿ ಲಿಂಗಪೂಜೆ ಮುಗಿಯದೆ ಒಂದು ಗುಟುಕು ಚಹಾ ಕೂಡ ಇಳಿಯುವುದಿಲ್ಲ. ಕಾಡಿನಲ್ಲಿ ಅದೆಲ್ಲ ಹೇಗೆ ಅಂತ ನಾನು ರಾಗ ಎಳೆಯುವಷ್ಟರಲ್ಲಿ ನೀನು ಕ್ಯಾಂಪಿನವರಿಗೆ ಫೋನ್ ಹಚ್ಚಿದ್ದೆ. "ನಮ್ಮ ಆಯಿಗೆ ಹೊತ್ತ ಹೊಂಡೂ ಮೊದಲ ಬಿಸಿನೀರ ಬೇಕ್ರಿ. ಪೂಜಿಗೆ ಕುಂದರಾಕ ಒಂದ ಸ್ವಚ್ಛ ಜಾಗಾ ತೋರಸ್ರಿ. ಅಡಗಿ ಭಾಂಡೆ ನಾವ ತರತೀವಿ." ಎರಡು ದಿನ ನೀನೂ ನಮ್ಮ ರೊಟ್ಟಿ, ಕಡಲೆಹಿಟ್ಟಿನ ಜುಣಕವನ್ನೇ ತಿನ್ನುವುದು ಅಂತ ತೀರ್ಮಾನವಾಯಿತು. "ಅಡವ್ಯಾಗ ಪೂಜಿ ಪತ್ರಿಗೇನ ಕಡಿಮಿ" ಅಂತ ಅತ್ತೆ ಹಿಗ್ಗಿದರು. ಆ ಮನೆಯ ಸೊಸೆ ನಾನು. ಬಿಸಿನೀರಿನ ಯೋಚನೆ ನನಗೆ ಯಾಕೆ ಮೊದಲು ಬರಲಿಲ್ಲ — ಅವತ್ತೇ ಎಲ್ಲೋ ಒಂದು ಮುಳ್ಳು ಚುಚ್ಚಿತ್ತು.

ಕ್ಯಾಂಪಿನಲ್ಲಿ ಟೆಂಟಿಗೆ ಇಬ್ಬರು. ನಾವು ಮೂವರು, ಹಾಗಾಗಿ ಎರಡು ಟೆಂಟು. ಯಾರು ಯಾರ ಜೊತೆ ಅಂತ ನೀನು ಕೇಳಿದ್ದೇ ತಡ, ಅತ್ತೆ, "ನಾ ರೆಹಾನಾನ ಕೂಡ. ಸುನಂದಾ ಗೊರಕಿ ಹೊಡೀತಾಳವಾ" ಅಂದರು. ನೀವಿಬ್ಬರೂ ನಕ್ಕಿರಿ. ನಾನೂ ನಕ್ಕೆ. ನಾನು ಗೊರಕೆ ಹೊಡೆಯುವುದು ಖರೆಯೇ. ಆದರೆ ಮದುವೆಯಾಗಿ ಬಂದಾಗಿನಿಂದ ನನ್ನ ಜೊತೆ ಹಾಗೆ ಹುಡುಗಾಟ ಮಾಡದ ಅತ್ತೆ, ನನ್ನನ್ನು ಆಡಿಕೊಂಡು ನಿನ್ನ ಜೊತೆ ನಗುತ್ತಿದ್ದಾರಲ್ಲ ಅಂತ —

ಆಮೇಲೆ ಬೂಟಿನ ದಿನ. ಕಲ್ಲುಮುಳ್ಳಿನ ದಾರಿ, ಚಪ್ಪಲಿ ನಡೆಯುವುದಿಲ್ಲ ಅಂತ ಕ್ಯಾಂಪಿನವರು ಹೇಳಿದ್ದರು. ನಾನು ಪೇಪರ್ ತಿದ್ದುವುದು ಮುಗಿಸಿ ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಅತ್ತೆ, ಇಳಕಲ್ ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೆಜ್ಜೆ ಕಲಿಯುತ್ತಿದ್ದಾರೆ. ಇನ್ನೊಂದು ಕೈ ನಿನ್ನ ಕೈಯಲ್ಲಿ. ನೀವಿಬ್ಬರೇ ಖಡೇ ಬಜಾರಿಗೆ ಹೋಗಿ ತಂದಿದ್ದಿರಿ. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಗೇಟಿನ ಸಪ್ಪಳ ಆದಕೂಡಲೇ ಇಬ್ಬರ ನಗುವೂ ನಿಂತಿತು. ಬಹುಶಃ ನಿಂತಿದ್ದಕ್ಕೆ ಅರ್ಥವೇನೂ ಇರಲಿಲ್ಲ. ಅತ್ತೆ ನಾಚಿಕೊಂಡಿದ್ದರು, ಅಷ್ಟೇ. ನನಗೆ ಮಾತ್ರ, ನಮ್ಮ ಮನೆಗೆ ನಾನೇ ಹೊರಗಿನವಳಾಗಿ ಬಂದಂತೆ ಅನ್ನಿಸಿತು. ಹೊಟ್ಟೆಕಿಚ್ಚು, ರೆಹಾನಾ. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ನಿನ್ನನ್ನು ಕಿಟಕಿ ಹತ್ತಿರ ಕರೆದು ಹೇಳಿದೆ. "ನಮ್ಮ ಅತ್ತೀಗೆ ಮನಸಿಲ್ಲ. ಒಂದ ಟೆಂಟಿನ್ಯಾಗ ನಿನ್ನ ಕೂಡ ಅಂದ್ರ... ಪೂಜಿ ಅದ, ಊಟ ಅದ... ಹಳೇ ಮಂದಿ, ನಿನಗ ಗೊತ್ತ ಅದಲ್ಲ." ವಾಕ್ಯವನ್ನು ನಾನು ಪೂರ್ತಿ ಮಾಡಲಿಲ್ಲ. ಮಾಡುವ ಅಗತ್ಯ ಇರಲಿಲ್ಲ. ಈ ಊರಿನಲ್ಲಿ ಅಂಥ ಮಾತನ್ನು ನೀನು ಬೇರೆ ಎಲ್ಲೆಲ್ಲಿ ಕೇಳಿದ್ದೆಯೋ, ಉಳಿದದ್ದನ್ನು ನೀನೇ ತುಂಬಿಕೊಂಡೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ನೀನು ಸ್ವಲ್ಪ ಹೊತ್ತು ಹೊರಗಿನ ಮೈದಾನ ನೋಡಿದೆ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ನೀ ಮನಸಿಗೆ ಹಚ್ಕೋಬ್ಯಾಡ. ಆಯಿಗೆ ಏನೂ ಅನಬ್ಯಾಡ, ಹಾಂ?" ಅಂದೆ. ಗಾಯ ಮಾಡಿದವಳನ್ನೇ ಸಮಾಧಾನ ಮಾಡಿದೆ. ಕ್ಯಾಂಪಿಗೆ ಫೋನ್ ಮಾಡಿ ಟೆಂಟು ಬೇಡ ಅಂದವಳೂ ನೀನೇ. ಅವತ್ತು ನಾನು ಬಾಯಿ ಬಿಡಬಹುದಿತ್ತು.

ಅತ್ತೆಯ ಹತ್ತಿರ, ರೆಹಾನಾಗೆ ಮನೆಯಲ್ಲಿ ಏನೋ ಕೆಲಸ ಬಂದಿದೆಯಂತೆ, ಈ ಸಲ ಬೇಡ ಅಂದಳು ಅಂತ ಹೇಳಿದೆ. ಅವರು ದಾರಿಗೆಂದು ಕಡಕ್ ರೊಟ್ಟಿ ಮಾಡಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಗಂಟು ಬಿಚ್ಚುತ್ತ, "ನನಗ ಒಂದ ಮಾತ ಹೇಳಬೇಕಿತ್ತ ಆಕಿ" ಅಂದರು. ಆ ರೊಟ್ಟಿಯನ್ನು ನಾವು ದಿನವೂ ಊಟಕ್ಕೆ ಹಾಕಿಕೊಂಡು ತಿಂದೆವು. ಬೂಟು ಅಟ್ಟ ಸೇರಿತು.

ನೀನು ನಮ್ಮ ಮನೆಗೆ ಬರುವುದು ನಿಲ್ಲಿಸಿದೆ. ನನ್ನ ಜೊತೆ ಮಾತ್ರ ಮೊದಲಿನಂತೆಯೇ ಇದ್ದೆ, ಇನ್ನೂ ಇದ್ದೀಯ — ಪಾಪ, ಅಂಥ ಅತ್ತೆಯ ಕೈಕೆಳಗೆ ಬಾಳುತ್ತಾಳೆ ಅಂತ ಇನ್ನಷ್ಟು ಮೃದುವಾದೆ. ಮೊದಲೆಲ್ಲ ರಂಜಾನ್ ಹಬ್ಬಕ್ಕೆ ಅತ್ತೆಗೆಂದೇ ಹಾಲು ಶಾವಿಗೆಯ ಸುರಕುಂಬಾ ತಂದು, ಅವರು ಕುಡಿಯುವವರೆಗೆ ಎದುರು ಕೂರುತ್ತಿದ್ದವಳು, ಈಗ ಹಬ್ಬದ ಮರುದಿನ ಶಾಲೆಗೇ ಡಬ್ಬಿ ತರತೊಡಗಿದೆ. "ಮನಿಗೆ ಒಯ್ಯಬ್ಯಾಡ, ಸುಮ್ನ ಯಾಕ. ಇಲ್ಲೇ ತಿನ್ನ." ನಾನು ತಿಂದೆ. ಉತ್ತತ್ತಿ, ಗೋಡಂಬಿ, ಎಲ್ಲ ಇತ್ತು. ಪ್ರತಿ ವರ್ಷ ತಿಂದು ಡಬ್ಬಿ ತೊಳೆದು ನಿನಗೆ ಕೊಟ್ಟೆ. ಪ್ರತಿ ವರ್ಷ ಮನೆಯಲ್ಲಿ ಅತ್ತೆ, "ಈ ಸಲಾನೂ ರೆಹಾನಾ ಬರಲಿಲ್ಲ" ಅಂದರು. ಹೌದು ಅಂದೆ.

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಬೂಟಿನ ಡಬ್ಬಿ ಕೆಳಗೆ ಬಂತು. ಅತ್ತೆ ಕುರ್ಚಿಯಲ್ಲಿ ಕೂತು ಒಂದನ್ನು ಹಾಕಿಕೊಳ್ಳಲು ನೋಡಿದರು. ಪಾದ ಬಾತಿದೆ ಈಗ, ಹಿಮ್ಮಡಿ ಒಳಗೆ ಹೋಗಲಿಲ್ಲ. ನಾನು ಕೆಳಗೆ ಕೂತು ಲೇಸು ಸಡಿಲಿಸುತ್ತಿದ್ದೆ. "ಆಕೀಗೆ ನಾ ಏನ ಮಾಡಿದ್ನೆವಾ" ಅಂದರು. ಇಷ್ಟು ವರ್ಷ ಅವರು ತಮ್ಮ ತಪ್ಪನ್ನೇ ಹುಡುಕುತ್ತಿದ್ದರು. ಆ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಟೆಂಟು, ಕಿಟಕಿ, ಹಬ್ಬದ ಡಬ್ಬಿ — ಏನೂ ಬಿಡಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. "ಸುರಕುಂಬಾನೂ ನೀನ ತಿಂದಿ?" ಅಂತ ಕೇಳಿದರು. ಕಾಲು ಬಿಡಿಸಿಕೊಂಡು ಎದ್ದು ಒಳಗೆ ಹೋದರು.

ರೆಹಾನಾ, ಇದನ್ನು ಬರೆದರೆ ಮುಗಿಯಿತು ಅಂತಲ್ಲ. ನಾಳೆ ನಿನ್ನ ಮನೆಗೆ ಬಂದು ಎದುರು ಕೂತು ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೂ ನಿಂತು ಹೇಳುತ್ತೇನೆ. ಗುಂಜಿಯ ಅದೇ ಕ್ಯಾಂಪಿಗೆ ಫೋನ್ ಮಾಡಿದ್ದೇನೆ. ಬೆಳಿಗ್ಗೆ ಬಿಸಿನೀರು, ಟೆಂಟಿನವರೆಗೆ ಜೀಪು, ಎಲ್ಲ ಕೇಳಿದ್ದೇನೆ. ಆಯಿಗೆ ದೊಡ್ಡ ಅಳತೆಯ ಬೂಟು ಕೊಡಿಸುವುದು ನಿನ್ನ ಕೆಲಸ, ನೀನು ಒಪ್ಪಿದರೆ. ಒಂದು ಟೆಂಟು ನಿಮ್ಮಿಬ್ಬರದು. ಇನ್ನೊಂದು ಬೇಕು ಅಂತ ಕ್ಯಾಂಪಿನವರಿಗೆ ಇನ್ನೂ ಹೇಳಿಲ್ಲ. ನಾನು ಬರಬೇಕೋ ಬೇಡವೋ, ಅದನ್ನು ಹೇಳುವವಳು ನೀನು.

ಇವತ್ತು ಬೆಳಿಗ್ಗೆಯಿಂದ ಅತ್ತೆ ನನ್ನ ಜೊತೆ ಮಾತಾಡಿಲ್ಲ. ಒಲೆಯ ಮುಂದೆ ಕೂತು ಕಡಕ್ ರೊಟ್ಟಿ ಬಡಿಯುತ್ತಿದ್ದಾರೆ. ಎಷ್ಟು ಜನಕ್ಕೆ ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.